ಲಿವರ್ ಎಸ್ಪ್ರೆಸೊ ಮಷೀನ್ ಕೈಕೊಟ್ಟಾಗ: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಕೈಯಿಂದ ಒತ್ತುವ ಲಿವರ್ ಮಷೀನ್‌ನಲ್ಲಿ ಕೆಡುವುದಕ್ಕೆ ಇರುವ ಭಾಗಗಳೇ ಕಡಿಮೆ. ಪಂಪ್ ಇಲ್ಲ, ಸರ್ಕ್ಯೂಟ್ ಬೋರ್ಡ್ ಇಲ್ಲ. ಒಂದು ಬಾಯ್ಲರ್, ಒಂದು ಪಿಸ್ಟನ್, ಮೂರ್ನಾಲ್ಕು ರಬ್ಬರ್ ಸೀಲ್, ಒಂದು ಲಿವರ್. ಹಾಗಾಗಿ ತೊಂದರೆ ಏನೇ ಇರಲಿ, ಅನುಮಾನ ಪಡಬೇಕಾದವರು ನಾಲ್ಕೇ ಜನ: ಕಾಫಿ ಪುಡಿ, ಶಾಖ, ರಬ್ಬರ್, ನೀರಿನಿಂದ ಕಟ್ಟುವ ಸುಣ್ಣ. ಇದೇ ಕ್ರಮದಲ್ಲಿ ನೋಡುತ್ತಾ ಹೋಗಿ. ಮಷೀನ್ ಕೆಟ್ಟಿದೆ ಅಂತ ಸ್ಪ್ಯಾನರ್ ಹಿಡಿದು ಕೂತವರಲ್ಲಿ ಎಷ್ಟೋ ಜನ ಗ್ರೈಂಡರನ್ನು ಒಂದು ಹಲ್ಲು ತಿರುಗಿಸಿದ್ದರೆ ಸಾಕಿತ್ತು.

ಮೊದಲು ನಿಮ್ಮದು ಯಾವ ಜಾತಿಯ ಮಷೀನ್ ಅಂತ ಗೊತ್ತಿರಲಿ. ನೇರ ಲಿವರ್‌ನಲ್ಲಿ (ಲಾ ಪವೋನಿ ಯೂರೋಪಿಕ್ಕೋಲಾ, ಒಲಿಂಪಿಯಾ ಕ್ರೆಮಿನಾ ಇಂಥವು) ಲಿವರ್ ಎತ್ತಿದರೆ ನೀರು ತುಂಬುತ್ತದೆ, ಒತ್ತಿದರೆ ಕಾಫಿ ಇಳಿಯುತ್ತದೆ. ಒತ್ತಡವೆಲ್ಲ ನಿಮ್ಮ ತೋಳಿನದ್ದೇ. ಸ್ಪ್ರಿಂಗ್ ಲಿವರ್ ಇದಕ್ಕೆ ಉಲ್ಟಾ: ಕೆಳಗೆ ಎಳೆದಾಗ ಸ್ಪ್ರಿಂಗ್ ಬಿಗಿಯಾಗಿ ನೀರು ತುಂಬುತ್ತದೆ, ಬಿಟ್ಟಾಗ ಸ್ಪ್ರಿಂಗೇ ಕಾಫಿ ಇಳಿಸುತ್ತದೆ. ಮೂರನೆಯದು ಬಾಯ್ಲರ್ ಇಲ್ಲದ್ದು, ಫ್ಲೇರ್ ಅಥವಾ ರೋಬೋಟ್ ಥರದ್ದು. ಅದಕ್ಕೆ ಕುದಿಯುವ ನೀರನ್ನು ನೀವೇ ಸುರಿಯಬೇಕು. ಕರೆಂಟಿನ ಮತ್ತು ಆವಿಯ ತಲೆನೋವು ಅದಕ್ಕಿಲ್ಲ. ಉಳಿದದ್ದೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಕೈ ಹಾಕುವ ಮೊದಲು

9 ಬಾರ್ ಒತ್ತಡ ಅಂದರೆ 51 ಮಿ.ಮೀ. ಅಗಲದ ಪಕ್ (ಒತ್ತಿ ಕೂರಿಸಿದ ಪುಡಿಯ ಬಿಲ್ಲೆ) ಮೇಲೆ ಸುಮಾರು 185 ಕೆ.ಜಿ. ಭಾರ. ಲಿವರ್ ಉದ್ದ ಇರುವುದರಿಂದ ಅದು ಕೈಗೆ ಹಗುರ ಅನ್ನಿಸುತ್ತದೆ, ಅಷ್ಟೇ. ಶಾಟ್ (ಒಂದು ಸಲ ಕಾಫಿ ಇಳಿಸುವುದು) ಅರ್ಧದಲ್ಲಿರುವಾಗ ಪೋರ್ಟಾಫಿಲ್ಟರ್ (ಪುಡಿ ತುಂಬಿ ಮಷೀನ್‌ಗೆ ಸಿಕ್ಕಿಸುವ ಹಿಡಿಕೆಯ ಭಾಗ) ತಿರುಗಿಸಿದರೆ ಬಿಸಿ ಪುಡಿ ಸಿಡಿದು ಮುಖಕ್ಕೆ ಬರುತ್ತದೆ. ಸ್ಪ್ರಿಂಗ್ ಮಷೀನ್ ಆದರೆ ಲಿವರ್ ಕೂಡ ಹಾರುತ್ತದೆ, ಗದ್ದ ಒಡೆಯುವಷ್ಟು ಜೋರಾಗಿ.

ಬಾಯ್ಲರ್ ಬಿಸಿಯಿದ್ದಾಗ ಮುಚ್ಚಳ ಮುಟ್ಟಬೇಡಿ. ಪ್ರೆಶರ್ ಗೇಜ್ ಸೊನ್ನೆ ತೋರಿಸಿದರೂ ಒಳಗಿನ ನೀರು 100 ಡಿಗ್ರಿ ಹತ್ತಿರ ಇರಬಹುದು. ಪ್ಲಗ್ ಕಿತ್ತು, ಸ್ಟೀಮ್ ನಾಬ್ ತೆರೆದು ಆವಿ ಪೂರ್ತಿ ಬಿಟ್ಟು, ಬಾಯ್ಲರ್ ಮುಟ್ಟಿದರೆ ತಣ್ಣಗಿದೆ ಅನ್ನಿಸಿದ ಮೇಲೆ ಮುಂದಿನ ಕೆಲಸ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗಿರಬೇಕು.

ಇನ್ನೊಂದು: ಒಂದು ಸಲಕ್ಕೆ ಒಂದೇ ಬದಲಾವಣೆ. ಪುಡಿಯ ನುಣುಪು, ತೂಕ, ಶಾಖ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾಕೆ ಹೋಯಿತು ಅಂತ ಗೊತ್ತಾಗುವುದಿಲ್ಲ.

ಲಿವರ್ ಸಲೀಸಾಗಿ ಕೆಳಗಿಳಿಯುತ್ತದೆ, ಕಾಫಿ ನೀರಿನ ಹಾಗೆ ಸುರಿಯುತ್ತದೆ

ಹತ್ತರಲ್ಲಿ ಒಂಬತ್ತು ಸಲ ಇದು ಪುಡಿಯ ತಪ್ಪು. ಮೊದಲು ತೂಕ ಮಾಡಿ. ಕಣ್ಣಂದಾಜಿನಲ್ಲಿ ಹಾಕಿದ ಪುಡಿ ದಿನದಿಂದ ದಿನಕ್ಕೆ ಒಂದೆರಡು ಗ್ರಾಂ ಆಚೀಚೆ ಆಗುತ್ತದೆ, ಇಷ್ಟು ಚಿಕ್ಕ ಬಾಸ್ಕೆಟ್‌ನಲ್ಲಿ (ಪೋರ್ಟಾಫಿಲ್ಟರ್ ಒಳಗಿನ, ಪುಡಿ ತುಂಬುವ ತೂತಿನ ಬಟ್ಟಲು) ಅದೇ ದೊಡ್ಡ ವ್ಯತ್ಯಾಸ. ಮನೆ ಮಷೀನಿನ ಡಬಲ್ ಬಾಸ್ಕೆಟ್‌ಗೆ ಸಾಮಾನ್ಯವಾಗಿ 14ರಿಂದ 16 ಗ್ರಾಂ ಹಿಡಿಯುತ್ತದೆ. ತೂಕ ಸರಿಯಿದ್ದರೆ ಗ್ರೈಂಡರನ್ನು ಒಂದು ಹಲ್ಲು ನುಣ್ಣಗೆ ಮಾಡಿ. ಹೊಸ ಪ್ಯಾಕೆಟ್ ಒಡೆದಿದ್ದೀರಾ? ಬೀಜ ಬದಲಾದರೆ ಹಳೆಯ ಸೆಟ್ಟಿಂಗ್ ಕೆಲಸಕ್ಕೆ ಬರುವುದಿಲ್ಲ. ಬೀಜ ಹಳೆಯದಾಗುತ್ತಾ ಹೋದ ಹಾಗೆ ಅದೇ ಸೆಟ್ಟಿಂಗ್‌ನಲ್ಲಿ ಶಾಟ್ ವೇಗ ಹೆಚ್ಚುತ್ತದೆ. ಕ್ರೆಮಾ (ಕಾಫಿಯ ಮೇಲಿನ ಕಂದು ನೊರೆ) ತೆಳ್ಳಗಾಗಿ ಬೇಗ ಕರಗಿದರೆ ಬೀಜಕ್ಕೆ ವಯಸ್ಸಾಗಿದೆ ಅಂತಲೇ ಅರ್ಥ. ಅದಕ್ಕೆ ಮಷೀನ್ ಬಿಚ್ಚಿ ಪ್ರಯೋಜನವಿಲ್ಲ. ಪುಡಿ ಮಾಡಿಸಿ ಇಟ್ಟ ಕಾಫಿಯಲ್ಲಿ ಲಿವರ್‌ಗೆ ಸರಿಯಾದ ತಡೆ ಸಿಗುವುದು ಅಪರೂಪ, ಒಳ್ಳೆಯ ಗ್ರೈಂಡರ್ ಇಲ್ಲದೆ ಈ ಮಷೀನ್ ಕೊಳ್ಳಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ನುಣ್ಣಗೆ ಮಾಡಿದರೂ ನಡುವೆ ಇದ್ದಕ್ಕಿದ್ದಂತೆ ತಡೆ ತಪ್ಪಿ ಲಿವರ್ ಕುಸಿದರೆ, ನೀರು ಪಕ್‌ನಲ್ಲಿ ಒಂದು ಓಣಿ ಮಾಡಿಕೊಂಡಿದೆ. ಶಾಟ್ ಆದ ಮೇಲೆ ಪಕ್ ತೆಗೆದು ನೋಡಿ. ಮೇಲ್ಮೈಯಲ್ಲಿ ಸೂಜಿ ಚುಚ್ಚಿದಂಥ ತೂತು ಇದ್ದರೆ, ಅಥವಾ ಅಂಚಿನಲ್ಲಿ ಒಂದು ಕಡೆ ಮಾತ್ರ ಕೊರೆದಿದ್ದರೆ ಅದೇ ಗುರುತು. ಪುಡಿಯ ಗಂಟುಗಳನ್ನು ತೆಳುವಾದ ಸೂಜಿಯಿಂದ ಬಿಡಿಸಿ, ಸಮ ಮಾಡಿ, ನೆಟ್ಟಗೆ ಟ್ಯಾಂಪ್ ಮಾಡಿ, ಅಂದರೆ ಒತ್ತಿ ಕೂರಿಸಿ. ಟ್ಯಾಂಪರ್ ಬಾಸ್ಕೆಟ್‌ಗೆ ಸರಿಯಾಗಿ ಕೂರಬೇಕು. ಹಳೆಯ ಯೂರೋಪಿಕ್ಕೋಲಾಗಳ ಬಾಸ್ಕೆಟ್ 49 ಮಿ.ಮೀ., ಸುಮಾರು 2000ದ ನಂತರದವು 51 ಮಿ.ಮೀ. ಎರಡು ಮಿಲಿಮೀಟರ್ ಸಣ್ಣ ಟ್ಯಾಂಪರ್ ಸುತ್ತಲೂ ಸಡಿಲ ಪುಡಿಯ ಬಳೆಯನ್ನೇ ಬಿಡುತ್ತದೆ, ನೀರಿಗೆ ಅಷ್ಟು ದಾರಿ ಸಾಕು.

ನೇರ ಲಿವರ್‌ನಲ್ಲಿ ಓಣಿ ಬೀಳುವುದಕ್ಕೆ ಇನ್ನೊಂದು ಕಾರಣ ಇದೆ. ಕಪ್ಪಿಗೆ ಕಾಫಿ ಸಾಲಲಿಲ್ಲ ಅಂತ ಅರ್ಧ ಒತ್ತಿದ ಲಿವರನ್ನು ಮತ್ತೆ ರಪ್ಪನೆ ಮೇಲೆತ್ತಿದರೆ ಪಿಸ್ಟನ್ ಕೆಳಗೆ ನಿರ್ವಾತ ಉಂಟಾಗಿ ಪಕ್ ಮೇಲಕ್ಕೆ ಕಿತ್ತು ಬರುತ್ತದೆ, ಬಿರುಕು ಬಿಡುತ್ತದೆ. ಜೊತೆಗೆ ಕಾಫಿ ಪುಡಿ ಸಿಲಿಂಡರ್ ಒಳಗೆ ಸೇರಿ ಸೀಲ್ ಉಜ್ಜುತ್ತದೆ. ಎರಡನೇ ಸಲ ನೀರು ತುಂಬಲೇಬೇಕು ಅನ್ನುವವರು ಒತ್ತುವ ಮೊದಲು, ಪುಡಿ ನೆನೆಯುತ್ತಿರುವಾಗಲೇ ಲಿವರನ್ನು ಸ್ವಲ್ಪ ಮಾತ್ರ ಇಳಿಸಿ ನಿಧಾನಕ್ಕೆ ಎತ್ತಬೇಕು. ನನ್ನನ್ನು ಕೇಳಿದರೆ, ಒಂದೇ ಎಳೆತಕ್ಕೆ ಬಂದಷ್ಟರಲ್ಲಿ ತೃಪ್ತಿಪಡುವುದು ಒಳ್ಳೆಯದು. ಯೂರೋಪಿಕ್ಕೋಲಾದಂಥ ಮಷೀನ್ ಇರುವುದೇ ಚಿಕ್ಕ ಕಪ್ಪಿಗೆ.

ಇವೆಲ್ಲ ಸರಿಯಿದ್ದೂ ಲಿವರ್ ಪೂರ್ತಿ ಕೆಳಗೆ ಬಂತು, ಆದರೆ ಕಪ್ಪಿಗೆ ಬಿದ್ದದ್ದು ಮಾಮೂಲಿನ ಅರ್ಧ, ಅಂಚಿನಲ್ಲೂ ಸೋರಿಲ್ಲ ಅಂದರೆ ನೀರು ಪಿಸ್ಟನ್ ಪಕ್ಕದಿಂದ ಮೇಲಕ್ಕೆ ಜಾರಿದೆ. ಅದು ಸೀಲ್ ಸವೆತ. ಕೆಳಗೆ 'ಗ್ರೂಪ್‌ನಿಂದ ತೊಟ್ಟಿಕ್ಕುತ್ತದೆ' ಭಾಗ ಓದಿ. (ಗ್ರೂಪ್ ಅಂದರೆ ಪಿಸ್ಟನ್ ಇರುವ, ಪೋರ್ಟಾಫಿಲ್ಟರ್ ಸಿಕ್ಕಿಸುವ ಲೋಹದ ತಲೆ.)

ಸ್ಪ್ರಿಂಗ್ ಮಷೀನಿನವರಿಗೆ ಒಂದು ಮಾತು: ಕೆಳಗೆ ಎಳೆದ ಲಿವರನ್ನು ಬಿಡುವಾಗ ಪುಡಿಯ ತಡೆ ಕೈಗೆ ಸಿಗುವವರೆಗೆ ಹಿಡಿಕೆ ಬಿಡಬೇಡಿ. ತಡೆ ಸಿಗಲಿಲ್ಲ ಅಂದರೆ ಹಿಡಿದುಕೊಂಡೇ ನಿಧಾನಕ್ಕೆ ಮೇಲಕ್ಕೆ ತನ್ನಿ. ಪೋರ್ಟಾಫಿಲ್ಟರ್ ಇಲ್ಲದೆ, ಪುಡಿ ಇಲ್ಲದೆ ಎಳೆದು ಬಿಡುವ ಆಟ ಬೇಡವೇ ಬೇಡ.

ಲಿವರ್ ಕದಲುವುದೇ ಇಲ್ಲ, ಕಾಫಿ ತೊಟ್ಟು ತೊಟ್ಟಾಗಿ ಬರುತ್ತದೆ

ಪುಡಿ ತೀರಾ ನುಣ್ಣಗಿದೆ ಅಥವಾ ಜಾಸ್ತಿಯಾಗಿದೆ. ಬಲ ಹಾಕಬೇಡಿ. ಲಿವರ್ ಬಗ್ಗುವುದು, ಪಿನ್ ಮುರಿಯುವುದು, ಪೋರ್ಟಾಫಿಲ್ಟರ್ ಜಾರಿ ಹೊರಬರುವುದು, ಹಗುರ ಮಷೀನ್ ಆದರೆ ಅದೇ ಮಗುಚಿಕೊಳ್ಳುವುದು, ಎಲ್ಲವೂ ಈ ಹಟದಿಂದಲೇ. ಎರಡೂ ಕೈ ಹಾಕಬೇಕು ಅನ್ನಿಸಿದ ಕೂಡಲೇ ಶಾಟ್ ಕೈಬಿಡಿ.

ಕೈಬಿಡುವುದಕ್ಕೂ ಕ್ರಮ ಇದೆ. ನೇರ ಲಿವರ್ ಆದರೆ ಅದು ನಿಂತಲ್ಲೇ ಬಿಟ್ಟು, ಮೇಲೆತ್ತದೆ, ತೊಟ್ಟು ನಿಲ್ಲುವವರೆಗೆ ಕಾಯಿರಿ. ಸ್ಪ್ರಿಂಗ್ ಆದರೆ ಲಿವರ್ ತಾನಾಗಿ ಮೇಲಕ್ಕೆ ಬಂದು ನಿಲ್ಲಬೇಕು, ಹಲವು ನಿಮಿಷ ಹಿಡಿದರೂ ಸರಿ. ಆಮೇಲೆ ಪೋರ್ಟಾಫಿಲ್ಟರನ್ನು ಗ್ರೂಪ್‌ಗೆ ಒತ್ತಿ ಹಿಡಿದು ಕೂದಲೆಳೆಯಷ್ಟು ತಿರುಗಿಸಿ. ಸುಯ್ ಅಂದರೆ ಅಲ್ಲೇ ನಿಲ್ಲಿಸಿ. ಶಬ್ದ ನಿಂತ ಮೇಲೆ ಬಿಚ್ಚಿ.

ಪುಡಿಯೇ ಇಲ್ಲದೆ, ತಣ್ಣಗಿರುವಾಗಲೂ ಲಿವರ್ ಬಿಗಿಯಾಗಿ ಕಿರುಗುಡುತ್ತಿದ್ದರೆ ಮಾತು ಬೇರೆ. ಸಿಲಿಂಡರ್ ಒಣಗಿದೆ, ಗ್ರೀಸ್ ಕೇಳುತ್ತಿದೆ. ಪಿವಟ್ ಪಿನ್‌ಗಳಿಗೂ ಒಂದು ತೊಟ್ಟು ಬೇಕು.

ಲಿವರ್ ಸ್ಪಂಜಿನ ಹಾಗೆ ಮೆತ್ತಗಿದೆ, ಒತ್ತಿದರೆ ಹಿಂದಕ್ಕೆ ಪುಟಿಯುತ್ತದೆ

ಇದು ಹೊಸಬರನ್ನು ತುಂಬಾ ಗಾಬರಿಪಡಿಸುವ ಲಕ್ಷಣ. ನೀರನ್ನು ಕುಗ್ಗಿಸಲು ಆಗುವುದಿಲ್ಲ, ಗಾಳಿಯನ್ನೂ ಆವಿಯನ್ನೂ ಕುಗ್ಗಿಸಬಹುದು. ಲಿವರ್ ಪುಟಿಯುತ್ತಿದೆ ಅಂದರೆ ಪಿಸ್ಟನ್ ಕೆಳಗೆ ನೀರಿನ ಜೊತೆ ಅವುಗಳಲ್ಲಿ ಒಂದು ಕೂತಿದೆ.

ಗಾಳಿ ಆದರೆ ನೀವು ಅವಸರಪಟ್ಟಿದ್ದೀರಿ. ಲಿವರನ್ನು ಪೂರ್ತಿ ಮೇಲೆತ್ತಿ ಅಲ್ಲೇ 5ರಿಂದ 10 ಸೆಕೆಂಡ್ ಹಿಡಿಯಿರಿ. ಬಾಸ್ಕೆಟ್ ಕೆಳಗೆ ಮೊದಲ ಹನಿ ಕಾಣಿಸುವ ಹೊತ್ತಿಗೆ ಗಾಳಿ ಪುಡಿಯ ಮೂಲಕ ಹೊರಗೆ ಹೋಗಿರುತ್ತದೆ. ಬಾಯ್ಲರ್ ನೀರಿನ ಮಟ್ಟ ಗ್ಲಾಸಿನಲ್ಲಿ ನೋಡಿ, ಕಡಿಮೆ ಇದ್ದರೆ ಸಿಲಿಂಡರ್ ತುಂಬುವುದಿಲ್ಲ. ಬಾಯ್ಲರ್ ಒತ್ತಡ ಕಡಿಮೆ ಇದ್ದರೂ ಅದೇ ಕಥೆ.

ಆವಿ ಆದರೆ ಗ್ರೂಪ್ ವಿಪರೀತ ಕಾದಿದೆ. ಒಳಗೆ ಬಂದ ನೀರು ಅಲ್ಲೇ ಆವಿಯಾಗುತ್ತಿದೆ. ಕಪ್ಪಿಗೆ ಕಾಫಿ ಧಾರೆಯ ಬದಲು ಉಗುಳುಗುಳಾಗಿ ಬರುತ್ತದೆ, ಸುಟ್ಟ ವಾಸನೆ ಇರುತ್ತದೆ. ಒಂದೇ ಕೂತಲ್ಲಿ ಮೂರ್ನಾಲ್ಕು ಶಾಟ್ ತೆಗೆದ ಮೇಲೆ ಹೀಗಾದರೆ ಇನ್ನೇನೂ ಹುಡುಕಬೇಡಿ, ಮಷೀನ್ ಆಫ್ ಮಾಡಿ ತಣಿಯಲು ಬಿಡಿ.

ಮೊದಲ ಕಪ್ ಹುಳಿ, ಮೂರನೆಯದು ಕಹಿ

ಎರಡಕ್ಕೂ ಒಂದೇ ಮೂಲ, ಗ್ರೂಪ್‌ನ ಶಾಖ. ಬಾಯ್ಲರ್ ಒಳಗೆ 0.8 ಬಾರ್ ಒತ್ತಡ ಇದ್ದರೆ ನೀರು ಸುಮಾರು 117 ಡಿಗ್ರಿ ಇರುತ್ತದೆ, 1 ಬಾರ್ ಅಂದರೆ 120. ಕಾಫಿಗೆ ಬೇಕಾಗಿರುವುದು 90-95 ಡಿಗ್ರಿ. ನಡುವಿನ ಈ ಬಿಸಿಯನ್ನು ಹೀರಿಕೊಳ್ಳುವ ಕೆಲಸ ಗ್ರೂಪ್‌ನ ಹಿತ್ತಾಳೆಯದ್ದು. ಗ್ರೂಪ್ ತಣ್ಣಗಿದ್ದರೆ ಅದು ಜಾಸ್ತಿಯೇ ಹೀರಿ ಕಾಫಿ ಹುಳಿಯಾಗುತ್ತದೆ. ಒಂದೊಂದು ಶಾಟಿಗೂ ಅದು ಕಾಯುತ್ತಾ ಹೋಗಿ ಕೊನೆಗೆ ಹೀರಲಾಗದ ಸ್ಥಿತಿಗೆ ಬಂದರೆ ಕಾಫಿ ಕಹಿ. ಬಾಯ್ಲರ್‌ಗೆ ನೇರವಾಗಿ ಬೋಲ್ಟ್ ಮಾಡಿದ ಚಿಕ್ಕ ಗ್ರೂಪ್‌ಗಳಲ್ಲಿ ಇದು ತೀರಾ ಎದ್ದು ಕಾಣುತ್ತದೆ. ದೋಷ ಅಂತ ಕರೆಯುವುದೇ ತಪ್ಪು, ಅದರ ಸ್ವಭಾವವೇ ಅದು.

ಹುಳಿಗೆ: ಪೋರ್ಟಾಫಿಲ್ಟರ್ ಹಾಕಿಟ್ಟೇ ಮಷೀನ್ ಕಾಯಿಸಿ, ಪುಡಿ ಹಾಕುವ ಮೊದಲು ಲಿವರನ್ನು ಹುಷಾರಾಗಿ ಎತ್ತಿ ಸ್ವಲ್ಪ ಬರೀ ನೀರು ಬಿಡಿ. ಮೊದಲೇ ಹೇಳಿದ ಹಾಗೆ, ಸ್ಪ್ರಿಂಗ್‌ನವರು ಇಲ್ಲಿ ಹಿಡಿಕೆಯಿಂದ ಕೈ ತೆಗೆಯಲೇಬಾರದು. ಕಹಿಗೆ: ಶಾಟಿನ ನಡುವೆ ಪೋರ್ಟಾಫಿಲ್ಟರನ್ನು ತಣ್ಣೀರಿಗೆ ಹಿಡಿದು ಒರೆಸಿ ಹಾಕಿ, ಗ್ರೂಪ್ ಮೇಲೆ ಒದ್ದೆ ಬಟ್ಟೆ ಸುತ್ತಿ ತೆಗೆಯಿರಿ. ಬಟ್ಟೆಯಿಂದ ಬಿಸಿ ಆವಿ ಏಳುತ್ತದೆ, ಬೆರಳು ಜೋಪಾನ. ಬಟ್ಟೆ ತೊಟ್ಟಿಕ್ಕುವಷ್ಟು ಒದ್ದೆ ಇರಬಾರದು, ಕೆಳಗೆ ಸ್ವಿಚ್ ಇದೆ ಅಲ್ವಾ. ಗ್ರೂಪ್‌ಗೆ ಅಂಟಿಸುವ ಶಾಖದ ಪಟ್ಟಿ ಸಿಗುತ್ತದೆ. ಯಾವ ಅಂಕಿ ಇದ್ದಾಗ ಕಪ್ ಚೆನ್ನಾಗಿತ್ತು ಅಂತ ಬರೆದಿಟ್ಟರೆ ಸಾಕು, ಬೇರೆಯವರ ಅಂಕಿ ನಿಮಗೆ ಬೇಡ. ಅವರ ಪಟ್ಟಿ ಅಂಟಿಸಿದ ಜಾಗ ಬೇರೆ ಇರುತ್ತದೆ.

ಶಾಖ ಸರಿಯಿದ್ದೂ ರುಚಿ ಕೆಟ್ಟರೆ ಶಾಟಿನ ವೇಗ ನೋಡಿ. ಪುಡಿಯ ಎರಡರಷ್ಟು ತೂಕದ ಕಾಫಿ 25-35 ಸೆಕೆಂಡಿನಲ್ಲಿ ಇಳಿಯುವುದು ಒಳ್ಳೆಯ ಆರಂಭ. ಅದಕ್ಕಿಂತ ಬೇಗ ಬಂದು ಹುಳಿಯಾದರೆ ಪುಡಿ ನುಣ್ಣಗೆ ಮಾಡಿ. ಹಳಸಲು ಎಣ್ಣೆಯ ವಾಸನೆ ಬಂದರೆ ಗ್ರೂಪ್ ಕೆಳಗಿನ, ನೀರು ಬೀಳುವ ಜಾಲರಿ ಬಿಚ್ಚಿ ತೊಳೆಯಿರಿ, ಹಿಂಬದಿಯಲ್ಲಿ ಕಪ್ಪು ಮೇಣದ ಹಾಗೆ ಅಂಟಿರುವುದು ಹಳೇ ಕಾಫಿ ಎಣ್ಣೆ.

ಬಾಯ್ಲರ್ ಇಲ್ಲದ ಮಷೀನ್‌ನಲ್ಲಿ ಕಹಿ ಅಪರೂಪ, ಹುಳಿಯೇ ಜಾಸ್ತಿ. ಸಿಲಿಂಡರನ್ನು ಕುದಿಯುವ ನೀರಿನಿಂದ ಒಂದೆರಡು ಸಲ ಕಾಯಿಸಿ ಚೆಲ್ಲಿ, ಆಮೇಲೆ ಶಾಟಿನ ನೀರು ಸುರಿಯಿರಿ. ಕಡಿಮೆ ಹುರಿದ ಬೀಜಕ್ಕಂತೂ ಇದು ಬೇಕೇ ಬೇಕು.

ಪೋರ್ಟಾಫಿಲ್ಟರ್ ಅಂಚಿನಿಂದ ಸೋರುತ್ತದೆ

ಗ್ರೂಪ್ ಗ್ಯಾಸ್ಕೆಟ್ (ಪೋರ್ಟಾಫಿಲ್ಟರ್ ಒತ್ತಿ ಕೂರುವ ರಬ್ಬರ್ ಬಳೆ) ಮತ್ತು ಬಾಸ್ಕೆಟ್ ಅಂಚು ಒರೆಸಿ ನೋಡಿ. ಒಂದು ಚಿಟಿಕೆ ಪುಡಿ ಅಂಟಿದ್ದರೂ ಸೋರುತ್ತದೆ. ಒರೆಸಿದರೂ ನಿಲ್ಲದಿದ್ದರೆ ಹಿಡಿಕೆ ಎಲ್ಲಿ ನಿಲ್ಲುತ್ತದೆ ಗಮನಿಸಿ. ಮೊದಲು ನೇರ ನಿಮ್ಮ ಕಡೆ ನಿಲ್ಲುತ್ತಿದ್ದದ್ದು ಈಗ ಅದನ್ನು ದಾಟಿ ಹೋಗುತ್ತಿದ್ದರೆ ಗ್ಯಾಸ್ಕೆಟ್ ಗಟ್ಟಿಯಾಗಿ ಕುಗ್ಗಿದೆ. ಉಗುರು ಒತ್ತಿ ನೋಡಿ, ರಬ್ಬರ್ ತಗ್ಗಬೇಕು. ಪ್ಲಾಸ್ಟಿಕ್‌ನಂತೆ ಟಕ್ ಅಂದರೆ ಬದಲಿಸಿ. ಇದಕ್ಕೆ ಪರಿಣತಿ ಬೇಕಿಲ್ಲ, ತಾಳ್ಮೆ ಸಾಕು. ಗಟ್ಟಿಯಾದ ಗ್ಯಾಸ್ಕೆಟ್ ಒಂದೇ ತುಂಡಾಗಿ ಬರುವುದಿಲ್ಲ, ಚೂರು ಚೂರಾಗಿ ಕೀಳಬೇಕು. ಲೋಹಕ್ಕೆ ಗೀರು ಬೀಳದ ಹಾಗೆ.

ಇನ್ನೂ ಬಿಗಿಯಾಗಿ ತಿರುಗಿಸಿ ಸೋರಿಕೆ ನಿಲ್ಲಿಸುವ ಅಭ್ಯಾಸ ಮಾತ್ರ ಬೇಡ. ಪೋರ್ಟಾಫಿಲ್ಟರ್‌ನ ಕಿವಿಗಳು ಸವೆಯುತ್ತವೆ. ಗ್ಯಾಸ್ಕೆಟ್ ಹೊಸದು ಸಿಗುತ್ತದೆ, ಸವೆದ ಗ್ರೂಪ್‌ಗೆ ಸುಲಭದ ಮದ್ದಿಲ್ಲ.

ಸುಮ್ನೆ ಇದ್ದಾಗಲೂ ಗ್ರೂಪ್‌ನಿಂದ ತೊಟ್ಟಿಕ್ಕುತ್ತದೆ

ಎಲ್ಲಿಂದ ಬರುತ್ತಿದೆ ಅನ್ನುವುದೇ ಇಲ್ಲಿ ಉತ್ತರ. ಟಿಶ್ಯೂ ಪೇಪರ್ ತೆಗೆದುಕೊಂಡು ಮೇಲಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೂ ಮುಟ್ಟಿಸಿ ನೋಡಿ. ನೀರು ಹರಿದು ಬಂದು ಇನ್ನೆಲ್ಲೋ ತೊಟ್ಟಿಕ್ಕುವುದರಿಂದ ಕಣ್ಣು ಮೋಸ ಹೋಗುತ್ತದೆ, ಪೇಪರ್ ಹೋಗುವುದಿಲ್ಲ. ಗ್ರೂಪ್ ಸುಡುತ್ತಿರುತ್ತದೆ, ಬೆರಳು ತಾಗಿಸಬೇಡಿ.

ಗ್ರೂಪ್ ತುದಿಯಲ್ಲಿ, ಪಿಸ್ಟನ್ ಕಂಬಿ ಹೊರಬರುವ ಜಾಗದಲ್ಲಿ ನೀರು ಗುಳ್ಳೆಗಟ್ಟುತ್ತಿದ್ದರೆ ಕಂಬಿಯ ಸೀಲ್ ಹೋಗಿದೆ. ಕೆಳಗೆ ಜಾಲರಿಯಿಂದ ತೊಟ್ಟಿಕ್ಕುತ್ತಿದ್ದರೆ ಪಿಸ್ಟನ್ ಸೀಲ್. ನೇರ ಲಿವರ್ ಕೆಳಗಿದ್ದಾಗ ಪಿಸ್ಟನ್ ಮೇಲುಗಡೆ ಬಾಯ್ಲರ್ ನೀರು ಒತ್ತುತ್ತಿರುತ್ತದೆ, ಮೇಲಿನ ಸೀಲ್ ಅದನ್ನು ತಡೆಯಬೇಕು. ಸವೆದಾಗ ನೀರು ಕೆಳಗೆ ಜಾರುತ್ತದೆ. ಗ್ರೂಪ್ ಬಾಯ್ಲರ್‌ಗೆ ಸೇರುವ ಜಾಗದಲ್ಲಿ ಒದ್ದೆಯಿದ್ದರೆ ಅಲ್ಲಿನ ಒ-ರಿಂಗ್ ಅಥವಾ ಗ್ಯಾಸ್ಕೆಟ್. ಶಾಟ್ ಆದ ತಕ್ಷಣ ಎರಡು ಮೂರು ಹನಿ ಬಿದ್ದು ನಿಂತರೆ ಅದು ಉಳಿದ ನೀರು, ಬಿಟ್ಟುಬಿಡಿ.

ಒಂದು ಅಗ್ಗದ ಪರೀಕ್ಷೆ ಮೊದಲು. ಮಷೀನ್ ತಣ್ಣಗಿದ್ದಾಗ ಜಾಲರಿ ತೆಗೆದು, ಸಿಲಿಂಡರ್ ಒಳಮೈ ಒರೆಸಿ, ತೆಳುವಾಗಿ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸ್ ಸವರಿ, ಲಿವರ್ ನಿಧಾನಕ್ಕೆ ಆಡಿಸಿ. (ಸ್ಪ್ರಿಂಗ್‌ನವರು ಇದನ್ನು ಮಾಡಬೇಡಿ.) ಒಣಗಿದ್ದಷ್ಟೇ ಕಾರಣವಾಗಿದ್ದರೆ ಸೋರಿಕೆ ನಿಲ್ಲುತ್ತದೆ. ಅಡುಗೆ ಎಣ್ಣೆ ಹಾಕಬೇಡಿ, ಅಂಟಾಗುತ್ತದೆ. ಪೆಟ್ರೋಲಿಯಂ ಜೆಲ್ಲಿಯೂ ಬೇಡ, ಸೀಲ್‌ಗೆ ಬಳಸುವ ಇ.ಪಿ.ಡಿ.ಎಂ. ರಬ್ಬರ್ ಅದಕ್ಕೆ ಉಬ್ಬಿಕೊಳ್ಳುತ್ತದೆ. ನೀವು ಹಾಕಿಸಿದ ಸೀಲೇ ಸಿಲಿಕೋನ್‌ನದ್ದಾದರೆ ಸಿಲಿಕೋನ್ ಗ್ರೀಸ್ ಅದನ್ನು ಉಬ್ಬಿಸಬಹುದು, ಮಾರುವವರು ಹೇಳಿದ ಗ್ರೀಸನ್ನೇ ಬಳಸಿ.

ನಿಲ್ಲಲಿಲ್ಲವೇ? ಸೀಲ್ ಬದಲಿಸಬೇಕು. ನೇರ ಲಿವರ್ ಆದರೆ ಮನೆಯಲ್ಲೇ ಆಗುವ ಕೆಲಸ. ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ, ಮುಖ್ಯವಾಗಿ ಹಳೆಯ ಸೀಲ್ ಯಾವ ಕಡೆಗೆ ಬಾಯಿ ಮಾಡಿ ಕೂತಿದೆ ಅಂತ. ಇವು ತುಟಿ ಇರುವ ಸೀಲ್‌ಗಳು. ತೆರೆದ ಬಾಯಿ ಒತ್ತಡ ಬರುವ ಕಡೆಗೆ ಇರಬೇಕು, ಆಗ ಒತ್ತಡವೇ ತುಟಿಯನ್ನು ಅಗಲಿಸಿ ಗೋಡೆಗೆ ಒತ್ತುತ್ತದೆ. ಉಲ್ಟಾ ಹಾಕಿದರೆ ಹೊಚ್ಚ ಹೊಸ ಸೀಲೂ ಸೋರುತ್ತದೆ.

ಹಳೆಯದನ್ನು ಸ್ಕ್ರೂಡ್ರೈವರ್‌ನಿಂದ ಕೀಳಬೇಡಿ, ಬಿದಿರಿನ ಕಡ್ಡಿ ಸಾಕು. ಸೀಲ್ ಕೂರುವ ಪಿಸ್ಟನ್ ತೋಡಿನಲ್ಲಿ ಒಂದು ಗೀರು ಬಿದ್ದರೆ ಆ ಜಾಗದಲ್ಲಿ ಯಾವ ಸೀಲೂ ನಿಲ್ಲುವುದಿಲ್ಲ. ಹೊಸ ಸೀಲನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗಿ ತೋಡಿನಲ್ಲಿ ಸಲೀಸಾಗಿ ಕೂರುತ್ತದೆ. ಗ್ರೀಸ್ ಸವರಿ ಪಿಸ್ಟನನ್ನು ಸಿಲಿಂಡರ್ ಬಾಯಿಗೆ ಇಟ್ಟು, ಸೀಲಿನ ತುಟಿಯನ್ನು ಉಗುರಿನಿಂದ ಸುತ್ತಲೂ ಒಳಕ್ಕೆ ಸರಿಸುತ್ತಾ, ಪಿಸ್ಟನನ್ನು ಸ್ವಲ್ಪ ತಿರುಗಿಸುತ್ತಾ ಒತ್ತಿ. ಒಂದೇ ಜಾಗದಲ್ಲಿ ಗಟ್ಟಿ ತಡೆ ಸಿಕ್ಕರೆ ಅಲ್ಲಿ ತುಟಿ ಮಡಚಿದೆ. ಹೊರತೆಗೆದು ಮತ್ತೆ ಶುರು ಮಾಡಿ, ಬಡಿದು ಕೂರಿಸಬೇಡಿ.

ಸ್ಪ್ರಿಂಗ್ ಗ್ರೂಪ್ ಬಿಚ್ಚುವುದು ಬೇರೆಯೇ ಕೆಲಸ. ಒಳಗಿನ ಸ್ಪ್ರಿಂಗ್ ಸದಾ ಬಿಗಿದುಕೊಂಡೇ ಇರುತ್ತದೆ, ತಪ್ಪು ಬೋಲ್ಟ್ ಬಿಚ್ಚಿದರೆ ಸಿಡಿಯುತ್ತದೆ. ತಯಾರಕರ ಕ್ರಮ ಮತ್ತು ಸ್ಪ್ರಿಂಗ್ ಹಿಡಿದಿಡುವ ಸಾಧನ ಎರಡೂ ಕೈಯಲ್ಲಿಲ್ಲದಿದ್ದರೆ ರಿಪೇರಿಯವರಿಗೆ ಕೊಡಿ.

ಗೇಜ್ ಏರಿದೆ, ಆದರೆ ಆವಿ ಬರುವುದಿಲ್ಲ

ಮಷೀನ್ ಕಾಯುವಾಗ ಬಾಯ್ಲರ್ ಒಳಗಿದ್ದ ಗಾಳಿಯೂ ಹಿಗ್ಗಿ ಗೇಜ್ ಏರಿಸುತ್ತದೆ. ಮುಳ್ಳು ಸರಿಯಾದ ಜಾಗಕ್ಕೆ ಬಂದಿರುತ್ತದೆ, ನೀರು ಮಾತ್ರ ಅಷ್ಟು ಕಾದಿರುವುದಿಲ್ಲ. ಇದು ಸುಳ್ಳು ಒತ್ತಡ. ಮುಳ್ಳು ಏರಲು ಶುರುವಾದ ಮೇಲೆ ಸ್ಟೀಮ್ ನಾಬ್ ತೆರೆದು ಗಾಳಿ ಹೊರಗೆ ಬಿಡಿ, ಒಣ ಆವಿ ಬರುವವರೆಗೆ. ಮುಳ್ಳು ಬೀಳುತ್ತದೆ, ಮತ್ತೆ ಏರುತ್ತದೆ. ಈಗ ಏರಿದ್ದು ನಿಜ. ಕೆಲವು ಮಷೀನ್‌ಗಳಲ್ಲಿ ಇದನ್ನು ತಾನಾಗಿ ಮಾಡುವ ಪುಟ್ಟ ವಾಲ್ವ್ ಇರುತ್ತದೆ. ಕಾಯುವಾಗ ಸ್ವಲ್ಪ ಹೊತ್ತು ಅದು ಉಸ್ ಅಂದು ಟಕ್ ಅಂತ ಮುಚ್ಚಿದರೆ ಅದು ಸರಿಯಾಗೇ ಇದೆ.

ಆವಿ ಒಂದು ತೂತಿನಿಂದ ಮಾತ್ರ ಬರುತ್ತಿದ್ದರೆ ಅಥವಾ ಓರೆಯಾಗಿ ಹೊಡೆಯುತ್ತಿದ್ದರೆ ಆವಿಯ ಕಡ್ಡಿಯ (ಹಾಲು ಕಾಯಿಸುವ ಕೊಳವೆ) ತುದಿಯಲ್ಲಿ ಹಾಲು ಗಟ್ಟಿಯಾಗಿದೆ. ತುದಿ ಬಿಸಿನೀರಿನಲ್ಲಿ ನೆನೆಸಿ, ಪಿನ್ನಿನಿಂದ ಬಿಡಿಸಿ. ಆವಿಯ ಜೊತೆ ನೀರು ಸಿಡಿದರೆ ಬಾಯ್ಲರ್ ಮಿತಿಗಿಂತ ಜಾಸ್ತಿ ತುಂಬಿದ್ದೀರಿ.

ಆವಿ ನಿಲ್ಲಿಸಿದ ಮೇಲೆ ಕಡ್ಡಿಯನ್ನು ಹಾಲಿನಲ್ಲೇ ಬಿಡಬೇಡಿ. ಮಷೀನ್ ತಣಿಯುವಾಗ ಬಾಯ್ಲರ್ ಒಳಗೆ ನಿರ್ವಾತವಾಗಿ, ವಾಲ್ವ್ ಸ್ವಲ್ಪ ಸಡಿಲವಿದ್ದರೂ ಹಾಲು ಒಳಗೆ ಹೋಗುತ್ತದೆ. ಬಾಯ್ಲರ್‌ಗೆ ಹೋದ ಹಾಲಿನ ವಾಸನೆ ಬಿಡಿಸುವುದು ಒಂದು ದಿನದ ಕೆಲಸವಲ್ಲ.

ಸೇಫ್ಟಿ ವಾಲ್ವ್ ಸುಯ್ಯೆನ್ನುತ್ತದೆ, ಆವಿ ಚಿಮ್ಮುತ್ತದೆ

ತಕ್ಷಣ ಪ್ಲಗ್ ಕೀಳಿ. ಸ್ವಿಚ್ ಬೋರ್ಡ್ ಮಷೀನ್ ಹಿಂದೆ, ಆವಿಯ ದಾರಿಯಲ್ಲಿದ್ದರೆ ಮೇನ್ ಆಫ್ ಮಾಡಿ. ಆವಿ ತಾನಾಗಿ ಇಳಿಯಲಿ.

ಗೇಜ್ ಮಾಮೂಲಿಗಿಂತ ಮೇಲೆ ಹೋಗಿತ್ತೆ? ಹಾಗಿದ್ದರೆ ಪ್ರೆಶರ್‌ಸ್ಟ್ಯಾಟ್ (ಒತ್ತಡ ನೋಡಿ ತಾನಾಗಿ ಆನ್-ಆಫ್ ಆಗುವ ಸ್ವಿಚ್) ಕರೆಂಟ್ ಕಡಿಯುತ್ತಿಲ್ಲ. ಅದರ ಕಾಂಟ್ಯಾಕ್ಟ್ ಅಂಟಿಕೊಂಡಿರಬಹುದು, ಅಥವಾ ಅದಕ್ಕೆ ಹೋಗುವ ಸಣ್ಣ ಕೊಳವೆ ಸುಣ್ಣದಿಂದ ಮುಚ್ಚಿರಬಹುದು. ಮಾಮೂಲಿ ಒತ್ತಡದಲ್ಲೇ ಸೋರುತ್ತಿದ್ದರೆ ವಾಲ್ವೇ ಹಳೆಯದಾಗಿದೆ. ಎರಡರಲ್ಲೂ ರಿಪೇರಿ ಆಗುವವರೆಗೆ ಮಷೀನ್ ಹಾಕಬೇಡಿ. ವಾಲ್ವಿನ ಸ್ಕ್ರೂ ಬಿಗಿ ಮಾಡಿ ಶಬ್ದ ನಿಲ್ಲಿಸುವುದು, ತೂತು ಮುಚ್ಚುವುದು ಪ್ರಾಣಕ್ಕೆ ಕುತ್ತು. ನೀರಿನ ಮಟ್ಟ ತೋರಿಸುವ ಗ್ಲಾಸಿನಲ್ಲಿ ಸಣ್ಣ ಬಿರುಕು ಕಂಡರೂ ಇದೇ ನಿಯಮ.

ಬಿಸಿಯೇ ಆಗುತ್ತಿಲ್ಲ, ಅಥವಾ ಹಾಕಿದ ಕೂಡಲೇ ಮನೆಯ ಟ್ರಿಪ್ ಬೀಳುತ್ತದೆ

ಇವೆರಡು ಬೇರೆ ಬೇರೆ ದೋಷ.

ಬಿಸಿಯಾಗದಿದ್ದರೆ ಅದೇ ಸಾಕೆಟ್‌ಗೆ ಬೇರೇನಾದರೂ ಹಾಕಿ ನೋಡಿ. ಆಮೇಲೆ ಬಾಯ್ಲರ್‌ನಲ್ಲಿ ನೀರಿದೆಯೇ ನೋಡಿ. ನೀರು ಬತ್ತಿದಾಗ ಎಲಿಮೆಂಟ್ ಸುಟ್ಟುಹೋಗದಿರಲಿ ಅಂತ ಒಂದು ಥರ್ಮಲ್ ಕಟ್‌ಔಟ್ ಇರುತ್ತದೆ, ಹಲವು ಮಷೀನ್‌ಗಳಲ್ಲಿ ಅದನ್ನು ಬಟನ್ ಒತ್ತಿ ಮತ್ತೆ ಕೂರಿಸಬಹುದು. ಪ್ಲಗ್ ಕಿತ್ತು, ಪೂರ್ತಿ ತಣಿದ ಮೇಲೆ, ನೀರು ತುಂಬಿ ಒತ್ತಿ. ಒಂದು ಸಲ ಒತ್ತಿದ್ದು ಸರಿ. ನೀರಿದ್ದೂ ಮತ್ತೆ ಮತ್ತೆ ಬೀಳುತ್ತಿದ್ದರೆ ಒತ್ತುತ್ತಾ ಕೂರಬೇಡಿ. ಅದನ್ನು ತಂತಿ ಹಾಕಿ ದಾಟಿಸುವ ಯೋಚನೆಯಂತೂ ಬೇಡವೇ ಬೇಡ.

ಮಲ್ಟಿಮೀಟರ್ ಬಳಸಿ ಅಭ್ಯಾಸವಿದ್ದರೆ, ಪ್ಲಗ್ ಹೊರಗಿದ್ದಾಗ, ವೈರ್ ಬಿಡಿಸಿದ ಎಲಿಮೆಂಟಿನ ಎರಡು ತುದಿಯ ನಡುವಿನ ರೋಧ ಅಳೆಯಿರಿ. ವೋಲ್ಟೇಜಿನ ವರ್ಗವನ್ನು ವ್ಯಾಟ್‌ನಿಂದ ಭಾಗಿಸಿದರೆ ಇರಬೇಕಾದ ಅಂಕಿ ಸಿಗುತ್ತದೆ. 230 ವೋಲ್ಟ್, 1000 ವ್ಯಾಟ್ ಎಲಿಮೆಂಟ್‌ಗೆ ಸುಮಾರು 53 ಓಮ್. ಮೀಟರ್ ಏನೂ ತೋರಿಸದಿದ್ದರೆ ಎಲಿಮೆಂಟ್ ಒಳಗೆ ತುಂಡಾಗಿದೆ. ಅಂಕಿ ಸರಿ ಬಂದರೆ ಸ್ವಿಚ್, ಕಟ್‌ಔಟ್, ಪ್ರೆಶರ್‌ಸ್ಟ್ಯಾಟ್ ಇವುಗಳಲ್ಲಿ ಒಂದು.

ಟ್ರಿಪ್ ಬೀಳುತ್ತಿದ್ದರೆ ಸಾಮಾನ್ಯವಾಗಿ ಕರೆಂಟ್ ಮಷೀನಿನ ಲೋಹದ ಮೈಗೆ ಸೋರುತ್ತಿದೆ. ಎಲ್ಲೋ ನೀರು ವೈರಿಂಗ್‌ಗೆ ತಾಗಿರಬಹುದು, ಎಲಿಮೆಂಟಿನ ಕವಚ ಬಿರುಕು ಬಿಟ್ಟಿರಬಹುದು. ಟ್ರಿಪ್ ಎತ್ತಿ ಮತ್ತೊಮ್ಮೆ ಹಾಕಿ ನೋಡೋಣ ಅನ್ನುವ ವಿಷಯ ಇದಲ್ಲ. ಅರ್ಥಿಂಗ್ ಇಲ್ಲದ ಸಾಕೆಟ್‌ಗೆ ಬದಲಿಸಿ ಹಾಕುವುದು ಇನ್ನೂ ಕೆಟ್ಟದ್ದು. ಮೈ ಮುಟ್ಟಿದಾಗ ಜುಮ್ ಅಂದರೂ ಅಷ್ಟೇ. ಎಲೆಕ್ಟ್ರಿಷಿಯನ್ ಅಥವಾ ಮಷೀನ್ ರಿಪೇರಿಯವರ ಹತ್ತಿರ ಒಯ್ಯಿರಿ.

ಕಾಯಲು ಹೊತ್ತು ಹಿಡಿಯುತ್ತದೆ, ನೀರು ಸಣ್ಣಗೆ ಬರುತ್ತದೆ

ಸುಣ್ಣ ಕಟ್ಟಿದೆ. ಪುಡಿ ಹಾಕದೆ ಲಿವರ್ ಎತ್ತಿದಾಗ ಜಾಲರಿಯಿಂದ ಬೀಳುವ ನೀರು ಮೊದಲಿಗಿಂತ ಬಡಕಲಾಗಿದ್ದರೆ ಗ್ರೂಪ್‌ಗೆ ನೀರು ಬರುವ ತೂತು ಮುಚ್ಚುತ್ತಿದೆ. ತಣ್ಣಗಿದ್ದಾಗ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಎಲಿಮೆಂಟ್ ಮೇಲೆ ಬಿಳಿ ಚಕ್ಕೆ ಕಂಡರೆ ಸಮಯ ಬಂದಿದೆ.

ಲೀಟರ್ ನೀರಿಗೆ 15-20 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಬಾಯ್ಲರ್‌ಗೆ ತುಂಬಿ. ಬೆಚ್ಚಗೆ ಮಾಡಿ, ಆಫ್ ಮಾಡಿ, ಅರ್ಧ ಗಂಟೆ ಬಿಡಿ. ಸ್ವಲ್ಪವನ್ನು ಗ್ರೂಪ್ ಮೂಲಕವೂ ಹೊರಬಿಡಿ. ಖಾಲಿ ಮಾಡಿ ಕನಿಷ್ಠ ಮೂರು ಸಲ ಶುದ್ಧ ನೀರು ತುಂಬಿ ಚೆಲ್ಲಿ, ಕೊನೆಯ ನೀರಿನ ರುಚಿ ನೋಡಿದರೆ ಹುಳಿ ಇರಬಾರದು. ರಾತ್ರಿಯಿಡೀ ಆಮ್ಲ ಬಿಟ್ಟರೆ ಹಿತ್ತಾಳೆಗೆ ಒಳ್ಳೆಯದಲ್ಲ. ವಿನೆಗರ್ ಬೇಡ, ವಾಸನೆ ಬಿಡುವುದಿಲ್ಲ. ಅಲ್ಯೂಮಿನಿಯಂ ಬಾಯ್ಲರ್ ಆದರೆ ಅದಕ್ಕೆ ತಯಾರಕರು ಹೇಳಿದ್ದನ್ನಷ್ಟೇ ಬಳಸಿ. ವರ್ಷಗಳಿಂದ ತೆರೆಯದ ಸೆಕೆಂಡ್ ಹ್ಯಾಂಡ್ ಮಷೀನ್‌ಗೆ ಸೀಲ್ ಸೆಟ್ ತರಿಸಿಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಿರಿ. ಸೋರಿಕೆಯನ್ನು ಎಷ್ಟೋ ಸಲ ಸುಣ್ಣವೇ ತಡೆದಿರುತ್ತದೆ, ಅದು ಕರಗಿದ ದಿನ ಎಲ್ಲ ಕಡೆಯಿಂದ ನೀರು ಬರುತ್ತದೆ.

ಗಡಸು ನೀರು ಬಿಟ್ಟು ಮೆದು ನೀರು ಬಳಸಿದರೆ ಈ ಕೆಲಸವೇ ಅಪರೂಪವಾಗುತ್ತದೆ.

ಮುಂದೆ ಹೀಗಾಗದಿರಲು

ಪ್ರತಿ ಸಲ ಕಾಫಿ ಮಾಡಿದ ಮೇಲೆ ಜಾಲರಿ ಒರೆಸುವುದು, ಆವಿಯ ಕಡ್ಡಿ ಒರೆಸಿ ಒಂದು ಸಲ ಊದಿಸುವುದು, ಇವು ಅಭ್ಯಾಸವಾಗಲಿ. ವಾರಕ್ಕೊಮ್ಮೆ ಬಾಸ್ಕೆಟ್ ಮತ್ತು ಜಾಲರಿಯನ್ನು ಬಿಸಿನೀರಿನಲ್ಲಿ ತೊಳೆಯಿರಿ. ಕೆಲವು ದಿನ ಬಳಸುವುದಿಲ್ಲ ಅಂದರೆ ಬಾಯ್ಲರ್ ಖಾಲಿ ಮಾಡಿ, ಮುಚ್ಚಳ ತೆರೆದಿಡಿ. ಪೋರ್ಟಾಫಿಲ್ಟರನ್ನು ಬಿಗಿದಿಟ್ಟು ಹೋಗಬೇಡಿ, ಗ್ಯಾಸ್ಕೆಟ್ ಅಪ್ಪಚ್ಚಿಯಾಗುತ್ತದೆ. ಲಿವರ್ ಪಿನ್‌ಗಳನ್ನು ಆಗಾಗ ನೋಡಿ. ಲಿವರ್ ಪಕ್ಕಕ್ಕೆ ಅಲ್ಲಾಡುತ್ತಿದ್ದರೆ ಅಥವಾ ಪಿನ್ನಿನ ಕ್ಲಿಪ್ ಒಂದು ಕಾಣೆಯಾಗಿದ್ದರೆ ಅಂದೇ ಹೊಸದು ಹಾಕಿ. ಒತ್ತುತ್ತಿರುವಾಗ ಪಿನ್ ಕಳಚಿದರೆ ನಿಮ್ಮ ಭಾರವೆಲ್ಲ ಬಿಸಿ ಮಷೀನ್ ಮೇಲೆ ಬೀಳುತ್ತದೆ.

ಸೀಲ್ ಸೆಟ್ ತರಿಸುವಾಗ ಮಾಡೆಲ್ ಹೆಸರಷ್ಟೇ ಹೇಳಿದರೆ ಸಾಲದು. ಒಂದೇ ಹೆಸರಿನ ಮಷೀನ್ ದಶಕಗಳ ಕಾಲ ತಯಾರಾಗಿರುತ್ತದೆ, ಒಳಗಿನ ಅಳತೆ ಬದಲಾಗಿರುತ್ತದೆ. ತಯಾರಾದ ವರ್ಷ, ತಳದಲ್ಲಿರುವ ನಂಬರ್, ಬಾಸ್ಕೆಟ್‌ನ ಅಗಲ ಮೂರನ್ನೂ ಬರೆದುಕೊಂಡು ಕೇಳಿ. ಹಳೆಯ ಸೀಲನ್ನು ಎಸೆಯದೆ ಹೊಸದರ ಪಕ್ಕ ಇಟ್ಟು ದಪ್ಪ, ಅಗಲ ಹೋಲಿಸಿ ನೋಡಿಯೇ ಕೂರಿಸಿ.